ಬುಟ್ಟಿಯೊಳಗೆ ಹೊಕ್ಕ ಕಾಡುಬೆಕ್ಕು

ಘಟ್ಟದ ಮೇಲೆ ಒಂದು ಕಾಡಿತ್ತು. ಆ ಕಾಡಿನ ನಡುವೆ ಹಾದು ಒಂದು ಡಾಂಬರು ರಸ್ತೆ ಕಡಲಿನ ಕಡೆಗೆ ಇಳಿಯುತ್ತಿತ್ತು. ರಸ್ತೆಯ ಒಂದು ತಿರುವಿನಲ್ಲಿ ದೊಡ್ಡ ಆಲದ ಮರ. ಅದರಿಂದ ತುಸು ದೂರದಲ್ಲಿ ಬಂಡೆಯ ಸಂದಿಯಿಂದ ಸದಾ ಒಸರುವ ಒಂದು ಒರತೆ. ದೂರದೂರಿಂದ ಬರುವ ಕಾರು, ಲಾರಿಯವರು ಅಲ್ಲಿ ಗಾಡಿ ನಿಲ್ಲಿಸಿ, ಬುತ್ತಿ ಬಿಚ್ಚಿ ಉಂಡು, ನೀರು ತುಂಬಿಕೊಂಡು ಮುಂದೆ ಹೋಗುತ್ತಿದ್ದರು.

ಆಲದ ಬೇರಿನ ಪೊಟರೆಯಲ್ಲಿ ಒಂದು ಕಾಡುಬೆಕ್ಕು ವಾಸವಾಗಿತ್ತು. ಬೂದು ಮೈ, ಉದ್ದ ಕಾಲು, ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಸಣ್ಣ ಕುಚ್ಚು. ಬೇಟೆಯಾಡುವುದೆಂದರೆ ಅದಕ್ಕೆ ಬೇಸರ. ಬೇರೆಯವರ ಬೇಟೆಯನ್ನು ಮಾತಿನಿಂದ ಗಿಟ್ಟಿಸುವುದೆಂದರೆ ಇಷ್ಟ. ಮುಂಗುಸಿ ಇಲಿ ಹಿಡಿದರೆ, ಆ ಇಲಿ ವಿಷ ತಿಂದದ್ದೆಂದು ಹೆದರಿಸಿ ಬಿಡಿಸಿಕೊಳ್ಳುತ್ತಿತ್ತು. ಕಾಡುಕೋಳಿಗೆ ಹಾವು ಬರುತ್ತಿದೆಯೆಂದು ಹೇಳಿ, ಅದು ಗೂಡು ಬಿಟ್ಟು ಓಡಿದ ಮೇಲೆ ಮೊಟ್ಟೆಗಳನ್ನು ತಿಂದು ಮುಗಿಸುತ್ತಿತ್ತು. ಕಾಲಕ್ರಮೇಣ ಕಾಡಿನವರೆಲ್ಲ ಅದರ ಬುದ್ಧಿಯನ್ನು ಅರಿತರು. ಅದು ಏನು ಹೇಳಿದರೂ ಯಾರೂ ತಿರುಗಿ ನೋಡದಂತಾಯಿತು. ಆಮೇಲೆ ಕಾಡುಬೆಕ್ಕಿಗೆ ಪ್ರಯಾಣಿಕರು ಎಸೆದ ಚಪಾತಿ ಚೂರು, ಚಿತ್ರಾನ್ನದ ಅಗುಳೇ ಗತಿಯಾಯಿತು.

ಊರು ಸುತ್ತಿ ಬಂದ ಒಂದು ಕಾಗೆ ಅದಕ್ಕೆ ಮನೆಬೆಕ್ಕುಗಳ ಸುದ್ದಿ ಹೇಳಿತ್ತು. ಅವು ಮೆತ್ತಗಿನ ಬಟ್ಟೆಯ ಮೇಲೆ ಮಲಗುತ್ತವೆ, ಮೀನು ತಾನಾಗಿಯೇ ಬಟ್ಟಲಿಗೆ ಬರುತ್ತದೆ, ಮಳೆ ಬಂದರೆ ಒಳಗೆ ಕರೆದುಕೊಳ್ಳುತ್ತಾರೆ ಎಂದು ಕಾಗೆ ವರ್ಣಿಸಿತು. ಅಂದಿನಿಂದ ಕಾಡುಬೆಕ್ಕಿಗೆ ಅದೇ ಯೋಚನೆ. ಅಂಥ ಮನೆಯೊಂದನ್ನು ಹೇಗೆ ಸೇರಿಕೊಳ್ಳುವುದು?

ಒಂದು ದಿನ ಹೊತ್ತು ನೆತ್ತಿಗೇರಿದಾಗ ಬಿಳಿಯ ಕಾರೊಂದು ಬಂದು ಆಲದ ನೆರಳಿನಲ್ಲಿ ನಿಂತಿತು. ಅದರಲ್ಲಿ ಗಂಡಹೆಂಡಿರು ಇಬ್ಬರು, ಬೆಕ್ಕುಗಳು ಎರಡು. ಗಂಡನ ಹೆಸರು ಮಹಾಂತೇಶ, ಹೆಂಡತಿಯ ಹೆಸರು ಶಿವಲೀಲಾ. ಬಾಗಲಕೋಟೆ ಕಡೆಯವರು. ಮಹಾಂತೇಶ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದವನು. ಕಡಲತೀರದ ಊರೊಂದರಲ್ಲಿ ದೋಣಿಗಳ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತೆಂದು ಈಗ ಹೆಂಡತಿಯೊಡನೆ ಅಲ್ಲಿಗೆ ಹೊರಟಿದ್ದ. ಮನೆಯ ಸಾಮಾನು ಲಾರಿಯಲ್ಲಿ ಮೊದಲೇ ಹೋಗಿತ್ತು. ಬೆಕ್ಕುಗಳನ್ನು ಮಾತ್ರ ತಮ್ಮ ಜೊತೆಗೇ ಕರೆತಂದಿದ್ದರು.

ಹೊರಡುವಾಗ ನೆರೆಯವರು ಬೇಡವೆಂದಿದ್ದರು. ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ, ಅಷ್ಟು ದೂರ ಕಾರಿನಲ್ಲಿ ಒಯ್ದರೆ ಅವು ಬದುಕುವುದಿಲ್ಲ ಎಂದು ಬುದ್ಧಿ ಹೇಳಿದ್ದರು. ಮಹಾಂತೇಶನಿಗೂ ಅದು ಹೌದೆನ್ನಿಸಿತ್ತು. ಶಿವಲೀಲಾ ಒಪ್ಪಲಿಲ್ಲ. ಅವಳು ಒಂದೊಂದು ಬೆಕ್ಕಿಗೆ ಒಂದೊಂದು ಬೆತ್ತದ ಬುಟ್ಟಿ ತಂದಳು. ಒಳಗೆ ತನ್ನ ಹಳೆಯ ಸೀರೆಯನ್ನು ಮಡಚಿ ಹಾಸಿದಳು. ದಾರಿಯಲ್ಲಿ ವಾಂತಿಯಾಗಬಾರದೆಂದು ಬೆಳಿಗ್ಗೆ ಹೆಚ್ಚು ಉಣ್ಣಿಸಲಿಲ್ಲ. ಅವು ಉಣ್ಣುವ ಬಟ್ಟಲು, ನೀರಿನ ಬಾಟಲಿ, ಮಣ್ಣು ತುಂಬಿದ ತಟ್ಟೆ, ಒಂದು ಡಬ್ಬಿಯಲ್ಲಿ ಒಣಮೀನು ಎಲ್ಲವನ್ನೂ ಹಿಂದಿನ ಸೀಟಿನ ಕೆಳಗೆ ಇಟ್ಟುಕೊಂಡಳು.

ಬೆಕ್ಕುಗಳಲ್ಲಿ ಹಿರಿಯದು ಗುಂಡವ್ವ. ಕಪ್ಪು ಬಿಳುಪಿನ ದುಂಡನೆಯ ಬೆಕ್ಕು, ಮಾತು ಕಡಿಮೆ. ಕಿರಿಯದು ಜೀರಿಗೆ. ಬೂದು ಮೈಮೇಲೆ ಜೀರಿಗೆ ಚೆಲ್ಲಿದಂಥ ಚುಕ್ಕೆಗಳಿದ್ದುದರಿಂದ ಆ ಹೆಸರು. ಗುಂಡವ್ವ ಕಾರು ಹೊರಟ ಸ್ವಲ್ಪ ಹೊತ್ತಿಗೇ ಮುದುಡಿ ಮಲಗಿತು. ಜೀರಿಗೆಗೆ ನಿದ್ದೆ ಹತ್ತಲಿಲ್ಲ. ನೆಲವೇ ಓಡುತ್ತಿರುವಂತೆ ಅದಕ್ಕೆ ಭಾಸವಾಗುತ್ತಿತ್ತು. ಘಟ್ಟದ ತಿರುವು ಶುರುವಾದ ಮೇಲೆ ಜೊಲ್ಲು ಸುರಿಸಿತು, ಒಮ್ಮೆ ವಾಂತಿಯನ್ನೂ ಮಾಡಿತು. ತನ್ನನ್ನು ಯಾಕೆ ಬುಟ್ಟಿಯಲ್ಲಿಟ್ಟು ಕೊಂಡಿ ಹಾಕಿದ್ದಾರೆ, ಎಲ್ಲಿಗೆ ಒಯ್ಯುತ್ತಿದ್ದಾರೆ ಎಂದು ಅದಕ್ಕೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಅಳುತ್ತಲೇ ಇತ್ತು.

ಆಲದ ಕೆಳಗೆ ಕಾರು ನಿಂತಾಗ ಶಿವಲೀಲಾ ಜೀರಿಗೆಯ ಬುಟ್ಟಿಯೊಳಗಿನ ಸೀರೆ ತೆಗೆದು ಮತ್ತೊಂದು ಹಳೆಯ ಸೀರೆ ಹಾಸಿದಳು. ಒದ್ದೆ ಕೈಯಿಂದ ಅದರ ಮುಖ ಒರೆಸಿ ನೀರು ಕುಡಿಸಿದಳು. ಬಾಟಲಿ ಖಾಲಿಯಾಯಿತು. ಈಗ ಬಂದೆ ಎಂದು ಅದರ ತಲೆ ಸವರಿ, ಕೊಂಡಿ ಹಾಕದೆ ಮುಚ್ಚಳವನ್ನು ಹಾಗೇ ಇಳಿಸಿ, ಗಾಳಿಯಾಡಲೆಂದು ಕಾರಿನ ಬಾಗಿಲನ್ನು ಅರ್ಧ ತೆರೆದಿಟ್ಟು ಒರತೆಯ ಕಡೆಗೆ ಹೋದಳು. ಮಹಾಂತೇಶ ಬೆಳಗಿನಿಂದ ಕಾರು ಓಡಿಸಿ ದಣಿದಿದ್ದ. ಬೆಕ್ಕುಗಳ ಕಡೆ ಕಣ್ಣಿರಲಿ ಎಂದು ಹೆಂಡತಿ ಹೇಳಿದ್ದಕ್ಕೆ ಹೂಂಗುಟ್ಟಿದವನು ಬೇರಿಗೆ ತಲೆಯಿಟ್ಟು ನಿದ್ದೆ ಹೋದ.

ಪೊಟರೆಯಿಂದ ಎಲ್ಲವನ್ನೂ ನೋಡುತ್ತಿದ್ದ ಕಾಡುಬೆಕ್ಕು ಸದ್ದಿಲ್ಲದೆ ಬಂದು ಕಾರಿನ ಬಾಗಿಲಲ್ಲಿ ಕುಳಿತಿತು. ಒಣಮೀನಿನ ವಾಸನೆ ಅದರ ಮೂಗಿಗೆ ಮೊದಲು ಬಡಿಯಿತು. ಆಮೇಲೆ ಬುಟ್ಟಿಯ ಬೆತ್ತದ ಸಂದಿಯಲ್ಲಿ ಜೀರಿಗೆಯ ಬೂದು ಮೈ ಕಂಡಿತು. ತನ್ನದೂ ಹೆಚ್ಚುಕಡಿಮೆ ಅದೇ ಬಣ್ಣ.

"ಯಾಕೆ ಮಗು ಅಳುತ್ತೀಯಾ? ನಾನೂ ನಿನ್ನ ಕುಲದವನೇ. ಮಾವ ಅಂತ ಕರೆ," ಎಂದು ಕಾಡುಬೆಕ್ಕು ಮೆಲ್ಲಗೆ ಕೇಳಿತು.

ಎಲ್ಲಿಗೆ ಹೋಗುತ್ತಿದ್ದೇವೆಂದು ತನಗೆ ಗೊತ್ತಿಲ್ಲ ಎಂದು ಜೀರಿಗೆ ಹೇಳಿತು.

"ನನಗೆ ಗೊತ್ತು. ಆದರೆ ಹೇಳಿದರೆ ನಿನಗೆ ನೋವಾಗುತ್ತದೆ," ಎಂದು ಕಾಡುಬೆಕ್ಕು ನಿಟ್ಟುಸಿರು ಬಿಟ್ಟಿತು.

ಜೀರಿಗೆ ಹೇಳು ಹೇಳು ಎಂದು ಅಂಗಲಾಚಿತು. ಕಾಡುಬೆಕ್ಕು ಬೇಕೆಂದೇ ತಡಮಾಡಿ, ಆಮೇಲೆ ಹೇಳಿತು. ಈ ರಸ್ತೆ ಕೆಳಗೆ ಇಳಿದಂತೆ ಒಂದು ಹೊಳೆ ಬರುತ್ತದೆ, ಹೊಳೆಗೊಂದು ಉದ್ದನೆಯ ಸೇತುವೆ ಇದೆ. ಮನುಷ್ಯರು ತಮಗೆ ಬೇಡವಾದ ಬೆಕ್ಕುಗಳನ್ನು ಬುಟ್ಟಿಯಲ್ಲಿ ತಂದು ಆ ಸೇತುವೆಯಾಚೆ ಬಿಟ್ಟು ಹೋಗುತ್ತಾರೆ. ಬೆಕ್ಕು ಹೊಳೆ ದಾಟಿ ಮನೆಗೆ ಹಿಂದಿರುಗಲಾರದಲ್ಲ, ಅದಕ್ಕೇ ಅಷ್ಟು ದೂರ. ಹೀಗೆ ಹೋದ ಎಷ್ಟೋ ಮರಿಗಳನ್ನು ತಾನು ಕಣ್ಣಾರೆ ನೋಡಿದ್ದೇನೆ ಎಂದಿತು.

ಪಕ್ಕದ ಬುಟ್ಟಿಯಲ್ಲಿ ಗುಂಡವ್ವ ಕಣ್ಣು ತೆರೆದಿತ್ತು. "ಜೀರಿಗೆ, ಇಲ್ಲಿ ಕೇಳು. ನನ್ನನ್ನು ಒಮ್ಮೆ ಹಾಗೆ ಬಿಟ್ಟು ಹೋಗಿದ್ದರು. ಅದು ಹೇಗಿರುತ್ತದೆಂದು ನನಗೆ ಗೊತ್ತು," ಎಂದಿತು.

ಅದು ತನ್ನ ಕಥೆಯನ್ನು ಚುಟುಕಾಗಿ ಹೇಳಿತು. ಕಣ್ಣು ಬಿಟ್ಟು ಕೆಲವೇ ದಿನಗಳಾಗಿದ್ದಾಗ ಅದನ್ನೂ ಅದರ ಒಡಹುಟ್ಟಿದವರನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದಿದ್ದರು. ಯಾರೂ ನೀರು ಕೊಡಲಿಲ್ಲ, ಯಾರೂ ಮಾತಾಡಿಸಲಿಲ್ಲ. ಊರಾಚೆಯ ಕಾಲುವೆಯ ದಂಡೆಯಲ್ಲಿ ಚೀಲ ಕೊಡವಿ, ಹಿಂದೆ ನೋಡದೆ ಹೋಗಿದ್ದರು. ಅಲ್ಲಿಂದ ಎತ್ತಿಕೊಂಡು ಬಂದವಳೇ ಶಿವಲೀಲಾ.

"ಬಿಟ್ಟು ಬರಲು ಹೋಗುವವರು ನಮ್ಮ ಬಟ್ಟಲನ್ನು ಜೊತೆಗೆ ತರುವುದಿಲ್ಲ, ಮಗು," ಎಂದು ಗುಂಡವ್ವ ಹೇಳಿತು.

ಕಾಡುಬೆಕ್ಕು ಅದಕ್ಕೆ ಎದುರಾಡಲಿಲ್ಲ. ಪಾಪ, ಹಿರಿಜೀವ, ಒಳ್ಳೆಯದನ್ನೇ ನಂಬುತ್ತದೆ ಎಂದು ಕನಿಕರದಿಂದ ತಲೆಯಾಡಿಸಿತು. ಆಮೇಲೆ ಜೀರಿಗೆಯ ಕಡೆಗೆ ಬಾಗಿ ಒಂದೇ ಮಾತು ಕೇಳಿತು: "ಪ್ರೀತಿ ಇರುವವರು ಮುಚ್ಚಳಕ್ಕೆ ಕೊಂಡಿ ಹಾಕುತ್ತಾರೆಯೇ?"

ಬೆಳಗಿನಿಂದ ಜೀರಿಗೆಯ ಮನಸ್ಸನ್ನು ಕೊರೆಯುತ್ತಿದ್ದ ಪ್ರಶ್ನೆಯೂ ಅದೇ ಆಗಿತ್ತು. ಅದಕ್ಕೇ ಆ ಮಾತು ನೇರವಾಗಿ ನಾಟಿತು. ಗುಂಡವ್ವ ಇನ್ನೇನೋ ಹೇಳುತ್ತಿತ್ತು, ಜೀರಿಗೆಗೆ ಕೇಳಿಸಲಿಲ್ಲ. ಬಿದಿರುಮೆಳೆಯ ಆಚೆ ಒಂದು ಗುಡಿಸಲಿದೆ, ಅಲ್ಲಿಯ ಅಜ್ಜಿ ಬೆಕ್ಕುಗಳನ್ನು ಕಟ್ಟಿಹಾಕುವುದಿಲ್ಲ, ಓಡು ಎಂದು ಕಾಡುಬೆಕ್ಕು ದಾರಿ ತೋರಿಸಿತು. ಜೀರಿಗೆ ತಲೆಯಿಂದ ಮುಚ್ಚಳ ಎತ್ತಿತು. ಕೊಂಡಿ ಹಾಕಿರಲಿಲ್ಲವಾದ್ದರಿಂದ ಅದು ಸುಲಭವಾಗಿ ತೆರೆದುಕೊಂಡಿತು. ಒಂದೇ ನೆಗೆತಕ್ಕೆ ಹೊರಗೆ ಹಾರಿ, ತರಗೆಲೆಯ ಮೇಲೆ ಸರಸರ ಓಡಿ ಮೆಳೆಯಲ್ಲಿ ಮರೆಯಾಯಿತು.

ಮರುಗಳಿಗೆಯಲ್ಲೇ ಕಾಡುಬೆಕ್ಕು ಖಾಲಿ ಬುಟ್ಟಿಯೊಳಗೆ ಇಳಿದು ಮುದುಡಿ ಕುಳಿತಿತು. ಸೀರೆ ಮೆತ್ತಗಿತ್ತು. ಕಾಗೆ ಹೇಳಿದ್ದು ನಿಜವೆನ್ನಿಸಿತು. ಆಗ ಗುಂಡವ್ವನಿಗೆ ಅದರ ಹೂಟವೆಲ್ಲ ತಿಳಿಯಿತು. ಮೈಕೂದಲು ನೆಟ್ಟಗಾಗಿ ಬುಸುಗುಟ್ಟಿತು.

"ಕೂಗಿ ಏನು ಮಾಡುತ್ತೀ? ನಿನ್ನ ಭಾಷೆ ಆ ಮನುಷ್ಯರಿಗೆ ಬರುವುದಿಲ್ಲ," ಎಂದು ಕಾಡುಬೆಕ್ಕು ತಲೆಯಿಂದ ಮುಚ್ಚಳವನ್ನು ಇಳಿಸಿಕೊಂಡಿತು.

ಶಿವಲೀಲಾ ನೀರು ತುಂಬಿಕೊಂಡು ಬಂದಳು. ಬೆತ್ತದ ಸಂದಿಯಲ್ಲಿ ಬೂದು ಬೆನ್ನು ಕಂಡಿತು. ಅಳು ನಿಂತಿರುವುದನ್ನು ನೋಡಿ, ಪಾಪ, ನಿದ್ದೆ ಹತ್ತಿದೆ, ಎಬ್ಬಿಸುವುದು ಬೇಡ ಎಂದುಕೊಂಡಳು. ಕೊಂಡಿ ಹಾಕಿ, ಬಿಸಿಲು ಬೀಳದಂತೆ ಬುಟ್ಟಿಯ ಮೇಲೆ ಒದ್ದೆ ಟವೆಲ್ ಹೊದಿಸಿ, ಗಂಡನನ್ನು ಎಬ್ಬಿಸಿದಳು. ಕಾರು ಹೊರಟಿತು.

ಮೆಳೆಯಾಚೆ ಗುಡಿಸಲೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಮತ್ತಷ್ಟು ಮೆಳೆ ಇತ್ತು, ಕೆಂಪಿರುವೆಗಳಿದ್ದವು. ಜೀರಿಗೆ ಮುಳ್ಳು ತುಳಿದು ಕುಂಟುತ್ತ ನಿಂತಿತು. ಅಷ್ಟರಲ್ಲಿ ಕಾರಿನ ಸದ್ದು ಕೇಳಿಸಿತು. ಸದ್ದು ಮೊದಲು ಜೋರಾಯಿತು, ಆಮೇಲೆ ತಿರುವಿನಲ್ಲಿ ಸಣ್ಣದಾಗುತ್ತ ಹೋಗಿ ನಿಂತೇಹೋಯಿತು. ತನ್ನನ್ನು ಯಾರೂ ಕರೆಯಲಿಲ್ಲ, ಹುಡುಕಲೂ ಇಲ್ಲ. ಮಾವ ಹೇಳಿದ್ದು ಸುಳ್ಳಲ್ಲವೆಂದು ಜೀರಿಗೆಗೆ ಅನ್ನಿಸಿತು. ಓಡಿಬಂದಾಗ ಇರದಿದ್ದ ದುಃಖ ಆಗ ಬಂತು. ಪೊದೆಯೊಂದು ಅಲುಗಿ ನರಿಯ ಮೂತಿ ಕಂಡಾಗ ಅದು ಎದುರಿಗಿದ್ದ ಮತ್ತಿ ಮರವನ್ನು ಉಗುರೂರಿ ಹತ್ತಿತು. ನಿಲ್ಲದೆ ಹತ್ತಿ ಎತ್ತರದ ಕೊಂಬೆಯ ಕವಲಿನಲ್ಲಿ ಅವಿತು ಕುಳಿತಿತು. ನರಿ ಸ್ವಲ್ಪ ಹೊತ್ತು ಮೇಲೆ ನೋಡಿ, ಬೇಸತ್ತು ಹೊರಟುಹೋಯಿತು. ಜೀರಿಗೆ ಇಳಿಯಲು ನೋಡಿತು. ನೆಲ ಬಹಳ ದೂರವಿತ್ತು.

ಇತ್ತ ಕಾರಿನಲ್ಲಿ ಗುಂಡವ್ವ ಕೂಗತೊಡಗಿತು. ತನ್ನ ಭಾಷೆ ಮನುಷ್ಯರಿಗೆ ಬರುವುದಿಲ್ಲವೆಂಬುದು ಅದಕ್ಕೂ ಗೊತ್ತು. ಆದರೂ ನಿಲ್ಲಿಸಲಿಲ್ಲ. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬಿಟ್ಟರೆ ಕೂಗುತ್ತಲೇ ಇತ್ತು. ಬುಟ್ಟಿಯ ಗೋಡೆಯನ್ನು ಪರಪರ ಕೆರೆಯಿತು. ಇಳಿಜಾರಿನ ತಿರುವುಗಳಿಗೆ ತಲೆ ಸುತ್ತಿರಬೇಕು ಎಂದು ಮಹಾಂತೇಶ ಹೇಳಿದ. ಶಿವಲೀಲಾ ಒಪ್ಪಲಿಲ್ಲ. ಹತ್ತುವಾಗಲೂ ತಿರುವುಗಳಿದ್ದವು, ಆಗ ಇದು ತುಟಿ ಪಿಟಕ್ಕೆನ್ನಲಿಲ್ಲ, ಈ ಬೆಕ್ಕು ಸುಮ್ಮಸುಮ್ಮನೆ ಕೂಗುವುದಲ್ಲ ಎಂದಳು.

ಟವೆಲಿನಡಿಯ ಬುಟ್ಟಿಯಲ್ಲಿ ಕಾಡುಬೆಕ್ಕಿನ ಪಾಡು ಬೇರೆಯೇ ಆಗಿತ್ತು. ನೆಲ ಓಡುವುದನ್ನು ಅದು ಎಂದೂ ಕಂಡಿರಲಿಲ್ಲ. ಕಾರು ಎಡಕ್ಕೆ ತಿರುಗಿದರೆ ಅದರ ಹೊಟ್ಟೆ ಬಲಕ್ಕೆ ತಿರುಗುತ್ತಿತ್ತು. ಪೆಟ್ರೋಲಿನ ವಾಸನೆಗೆ ತಲೆ ಸುತ್ತಿ ಜೊಲ್ಲು ಹರಿಯಿತು. ಒಣಮೀನಿನ ಡಬ್ಬಿ ಸೀಟಿನ ಕೆಳಗೇ ಇತ್ತು. ಈಗ ಆ ವಾಸನೆಯೇ ಓಕರಿಕೆ ತರಿಸುತ್ತಿತ್ತು. ಎದ್ದು ನಿಲ್ಲಲು ಜಾಗವಿಲ್ಲ, ಹಾರಲು ದಾರಿಯಿಲ್ಲ. ಕಾಗೆ ಇದನ್ನು ಹೇಳಿರಲಿಲ್ಲ. ಕೊನೆಗೆ ತಡೆಯಲಾರದೆ ಬಾಯಿ ತೆರೆದು ಒಮ್ಮೆ ಅರಚಿತು. ಕಾಡಿನವರ ಅರಚು, ಗಡಸು, ಒರಟು.

ಶಿವಲೀಲಾ ತಿರುಗಿ ನೋಡಿದಳು. "ರೀ, ಗಾಡಿ ನಿಲ್ಲಸ್ರಿ. ಇದು ನಮ್ಮ ಜೀರಿಗಿ ದನಿ ಅಲ್ಲ," ಎಂದಳು.

ಆ ಹೊತ್ತಿಗೆ ಕಾರು ಹೊಳೆಯ ಉದ್ದ ಸೇತುವೆಯ ಮೇಲಿತ್ತು. ಅಲ್ಲಿ ನಿಲ್ಲಿಸುವಂತಿರಲಿಲ್ಲ. ಮಹಾಂತೇಶ ಸೇತುವೆ ದಾಟಿ ಬದಿಗೆ ನಿಲ್ಲಿಸಿದ. ಇಬ್ಬರೂ ಬುಟ್ಟಿಯನ್ನು ಕೆಳಗಿಳಿಸಿ ಟವೆಲ್ ತೆಗೆದರು. ಬೆತ್ತದ ಸಂದಿಯಿಂದ ಹಳದಿ ಕಣ್ಣುಗಳು ದಿಟ್ಟಿಸುತ್ತಿದ್ದವು, ಕಿವಿಯ ತುದಿಯಲ್ಲಿ ಕಪ್ಪು ಕುಚ್ಚಿತ್ತು. ಶಿವಲೀಲಾ ಹಿಂದಕ್ಕೆ ಸರಿದಳು. ಇದನ್ನು ಬುಟ್ಟಿಸಮೇತ ಮೇಲಕ್ಕೆ ಒಯ್ದು ಇದರ ಜಾಗದಲ್ಲೇ ಬಿಡೋಣ ಎಂದು ಮಹಾಂತೇಶ ಹೇಳುತ್ತಿದ್ದ. ಅಷ್ಟರಲ್ಲಿ ಕಾಡುಬೆಕ್ಕು ಹೆದರಿಕೆಯಿಂದ ಮುಚ್ಚಳಕ್ಕೆ ಗುದ್ದತೊಡಗಿತು. ಹಳೆಯ ಕೊಂಡಿ ಕಿತ್ತು ಬಂತು. ಅದು ಹೊರಗೆ ಹಾರಿ, ಎತ್ತ ಹೋಗುತ್ತಿದ್ದೇನೆಂದು ನೋಡದೆ, ತೂರಾಡುತ್ತ ಹೊಳೆಯಾಚೆಯ ಕಾಡಿನೊಳಗೆ ನುಗ್ಗಿತು.

ಗಂಡಹೆಂಡಿರು ಅದರ ಹಿಂದೆ ಹೋಗಲಿಲ್ಲ. ಕಾರು ತಿರುಗಿಸಿದರು.

ಮತ್ತೆ ಘಟ್ಟ ಹತ್ತುವಾಗ ಮಹಾಂತೇಶ ಕಾರಿನ ವೇಗ ಹೆಚ್ಚಿಸಿದ. ನೀನು ನೋಡಿಕೋ ಅಂತ ಹೇಳಿದ್ದಿ, ನಾನು ಮಲಗಿಬಿಟ್ಟೆ ಎಂದ. ನಾನೂ ಕೊಂಡಿ ಹಾಕಲಿಲ್ಲ ಎಂದು ಶಿವಲೀಲಾ ಹೇಳಿದಳು. ಕಾಡಿನ ಆ ರಸ್ತೆಯ ಗೇಟನ್ನು ಅರಣ್ಯ ಇಲಾಖೆಯವರು ಹೊತ್ತು ಮುಳುಗುವಾಗ ಮುಚ್ಚುತ್ತಿದ್ದರು. ಅಷ್ಟರೊಳಗೆ ಜೀರಿಗೆ ಸಿಗಬೇಕಿತ್ತು. ಒಂದು ರಾತ್ರಿ ಕಳೆದರೆ ಮನೆಬೆಕ್ಕು ಈ ಕಾಡಿನಲ್ಲಿ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಲದ ಕೆಳಗೆ ಇಳಿದದ್ದೇ ಶಿವಲೀಲಾ ಜೀರಿಗೆಯ ಹೆಸರು ಹಿಡಿದು ಕರೆಯತೊಡಗಿದಳು. ಗುಂಡವ್ವನ ಬುಟ್ಟಿಯನ್ನು ಬೇರಿನ ಮೇಲೆ ಇಟ್ಟಳು. ಗುಂಡವ್ವ ಕಾಡಿಗೆ ಮುಖ ಮಾಡಿ ಕೂಗಿತು. ಮಹಾಂತೇಶ ಪ್ಯಾಂಟು ಮಡಚಿ ಬಿದಿರುಮೆಳೆಗೆ ನುಗ್ಗಿದ. ಮುಳ್ಳು ತರಚಿ ಅವನ ತೋಳಿನಲ್ಲಿ ರಕ್ತ ಬಂತು. ಒರಗಿದ ಬಿದಿರುಗಳ ಕೆಳಗೆ ಬಗ್ಗಿ ಬಗ್ಗಿ ನೋಡಿದ. ಬಿಸಿಲು ಇಳಿಯುತ್ತ ಬಂತು.

ಮತ್ತಿಯ ಕೊಂಬೆಯ ಮೇಲೆ ಜೀರಿಗೆಗೆ ಎಲ್ಲವೂ ಕೇಳಿಸುತ್ತಿತ್ತು. ಮೊದಲು ಅದು ನಂಬಲಿಲ್ಲ. ಮತ್ತೆ ಬುಟ್ಟಿಗೆ ತುಂಬಿ ಸೇತುವೆಗೆ ಒಯ್ಯಲು ಬಂದಿರಬಹುದು ಎಂದುಕೊಂಡಿತು. ಉಸಿರು ಹಿಡಿದು ಕುಳಿತಿತು. ಕೆಳಗೆ ಮಹಾಂತೇಶ ಬಂದು ಅದೇ ಮರಕ್ಕೆ ಕೈಯೂರಿ ನಿಂತ. ಮನೆಯಲ್ಲಿ ಅವನು ಬೆಕ್ಕುಗಳನ್ನು ಹೆಚ್ಚು ಮುದ್ದಿಸಿದವನಲ್ಲ.

"ಬಾರೋ ನಮ್ಮಪ್ಪ. ನಿನ್ನ ಬಿಟ್ಟು ಹೆಂಗ ಹೋಗಲಿ?" ಎಂದು ಅವನು ತನಗೇ ಎಂಬಂತೆ ಹೇಳಿದ.

ಜೀರಿಗೆ ಯೋಚಿಸಿತು. ಬಿಟ್ಟು ಹೋಗಬೇಕೆಂದಿದ್ದರೆ ತಾನು ಆಗಲೇ ಕಾಡಿನಲ್ಲಿದ್ದೆನಲ್ಲ. ಅವರಿಗೆ ಏನೂ ಮಾಡಬೇಕಾಗಿಯೇ ಇರಲಿಲ್ಲ, ಸುಮ್ಮನೆ ಮುಂದೆ ಹೋದರೆ ಸಾಕಿತ್ತು. ಬೇಡವಾದವರನ್ನು ಯಾರೂ ಇಷ್ಟು ದೂರ ಹಿಂದಿರುಗಿ ಬಂದು ಮುಳ್ಳಿನಲ್ಲಿ ಹುಡುಕುವುದಿಲ್ಲ.

ಅದು ಸಣ್ಣದಾಗಿ ಮಿಯಾವ್ ಎಂದಿತು. ಮಹಾಂತೇಶ ತಲೆಯೆತ್ತಿದ. ಹೆಂಡತಿಯನ್ನು ಕೂಗಿ ಕರೆದ. ಇಬ್ಬರೂ ಬುಟ್ಟಿಯೊಳಗಿನ ಹಳೆಯ ಸೀರೆಯನ್ನು ಮರದ ಕೆಳಗೆ ಅಗಲವಾಗಿ ಹಿಡಿದು ನಿಂತರು. ಜೀರಿಗೆ ಹಿಮ್ಮುಖವಾಗಿ ಒಂದಿಷ್ಟು ಇಳಿಯಿತು, ಉಗುರು ಜಾರಿತು, ಆಮೇಲೆ ಕಣ್ಣು ಮುಚ್ಚಿ ಹಿಡಿತ ಬಿಟ್ಟಿತು. ಸೀರೆ ಅದನ್ನು ಹಿಡಿದುಕೊಂಡಿತು. ಶಿವಲೀಲಾ ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಬೈಯಲಿಲ್ಲ. ಅದರ ಪಾದದ ಮುಳ್ಳನ್ನು ಹುಡುಕಿ ತೆಗೆದಳು.

ಗೇಟು ಮುಚ್ಚುವ ಮೊದಲೇ ಅವರು ಕಾಡು ದಾಟಿದರು. ಕಿತ್ತುಹೋದ ಕೊಂಡಿಯ ಜಾಗದಲ್ಲಿ ಮಹಾಂತೇಶ ಒಂದು ತಂತಿ ಸುತ್ತಿದ್ದ. ಅವನು ಅದನ್ನು ಬಿಗಿಯುವಾಗ ಜೀರಿಗೆ ಅಳಲಿಲ್ಲ. ತಿರುವುಗಳಿಗೆ ಹೊಟ್ಟೆ ತೊಳೆಸಿತು, ಅದನ್ನೂ ತಡೆದುಕೊಂಡಿತು. ಮಾವನ ಮಾತು ಕೇಳಿದ್ದಕ್ಕೆ ತನ್ನ ಮೇಲೆ ಕೋಪವೇ ಎಂದು ಅದು ಗುಂಡವ್ವನನ್ನು ಕೇಳಿತು.

"ನನಗೂ ನಿನ್ನ ವಯಸ್ಸಿನಲ್ಲಿ ಭಯವಿತ್ತು. ಭಯವಿದ್ದಾಗ ನಮ್ಮ ಭಯವನ್ನೇ ಹೇಳುವವನು ನಿಜ ಹೇಳಿದಂತೆ ಕೇಳಿಸುತ್ತದೆ. ಮಲಗು," ಎಂದಿತು ಗುಂಡವ್ವ. ಅದರ ಗಂಟಲು ಕೂಗಿ ಕೂಗಿ ಒಡೆದುಹೋಗಿತ್ತು.

ಹೊಳೆಯಾಚೆಯ ಕಾಡಿನಲ್ಲಿ ಕಾಡುಬೆಕ್ಕಿಗೆ ತಲೆಸುತ್ತು ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಒಂದು ಮರವೂ ಪರಿಚಯವಿಲ್ಲ, ಒಂದು ಬಿಲವೂ ಗೊತ್ತಿಲ್ಲ. ಅಲ್ಲಿ ಮತ್ತೊಂದು ಕಾಡುಬೆಕ್ಕು ತನ್ನ ಮರಿಗಳೊಡನೆ ನೆಲೆಸಿತ್ತು. ನಾನು ನಿಮ್ಮ ಕುಲದವನೇ, ಮರಿಗಳ ಮಾವ ಎಂದು ಇದು ಹಲ್ಲು ಕಿರಿಯಿತು. ಆ ತಾಯಿ ಅದನ್ನು ಮೂಸಿ ನೋಡಿತು. ಪೆಟ್ರೋಲು, ಮನೆಬೆಕ್ಕು, ಸೀರೆ ಎಲ್ಲದರ ವಾಸನೆಯೂ ಬಂತು. ಕೆನ್ನೆಗೊಂದು ಪೆಟ್ಟು ಕೊಟ್ಟು ಅಟ್ಟಿತು. ಹಿಂದಿರುಗೋಣವೆಂದರೆ ಸೇತುವೆಯ ಮೇಲೆ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು, ಕೆಳಗೆ ನೀರು ಭರ್ರನೆ ಹರಿಯುತ್ತಿತ್ತು. ಕಾಡುಬೆಕ್ಕು ಹೊಳೆಯ ದಂಡೆಯಲ್ಲಿ ಏಡಿ ಹಿಡಿಯಲು ಕಲಿಯಬೇಕಾಯಿತು. ಏಡಿಗಳು ಮಾತಿಗೆ ಮರುಳಾಗುವಂಥವಲ್ಲ. ದಿನವೂ ಮುಂಗಾಲಿಗೆ ಕಚ್ಚಿಸಿಕೊಂಡು, ಬೆವರು ಸುರಿಸಿಯೇ ಹೊಟ್ಟೆ ತುಂಬಿಸಿಕೊಳ್ಳಬೇಕಿತ್ತು.

ಕಡಲತೀರದ ಊರಿನ ಹೊಸ ಮನೆಯಲ್ಲಿ ಶಿವಲೀಲಾ ಬೆಕ್ಕುಗಳನ್ನು ಮೊದಲು ಒಂದೇ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿದಳು. ಹೊಸ ಜಾಗದ ವಾಸನೆ ಅವಕ್ಕೆ ಮೆಲ್ಲಗೆ ಅಭ್ಯಾಸವಾಗಲಿ ಎಂದು. ಮಹಾಂತೇಶ ಬಟ್ಟಲಿಗೆ ಒಣಮೀನು ಹಾಕಿ, ಅವು ತಿನ್ನುವವರೆಗೆ ಗೋಡೆಗೊರಗಿ ಅಲ್ಲೇ ಕುಳಿತ. ಜೀರಿಗೆ ತಿಂದು ಮುಗಿಸಿ ಅವನ ತರಚಿದ ತೋಳನ್ನು ಮೂಸಿತು, ಆಮೇಲೆ ಅವನ ತೊಡೆಯ ಮೇಲೆ ಹತ್ತಿ ಮಲಗಿತು. ಕಿಟಕಿಯಾಚೆ ಏನೋ ದೊಡ್ಡದು ಏರುತ್ತ ಇಳಿಯುತ್ತ ಮೊರೆಯುತ್ತಿತ್ತು.

ಅದೇನೆಂದು ಜೀರಿಗೆ ಕೇಳಿತು.

"ನನಗೂ ಗೊತ್ತಿಲ್ಲ. ನಾಳೆ ಬಾಗಿಲು ತೆಗೆಯುತ್ತಾರಲ್ಲ, ಇಬ್ಬರೂ ಹೋಗಿ ನೋಡೋಣ," ಎಂದು ಗುಂಡವ್ವ ಕಣ್ಣು ಮುಚ್ಚಿತು.

ನೀತಿ: ನಮ್ಮವರನ್ನು ಅವರ ನಡತೆಯಿಂದ ಅರಿಯಬೇಕು, ಪರರ ಚಾಡಿಮಾತಿನಿಂದಲ್ಲ, ಇನ್ನೊಬ್ಬರ ನಂಬಿಕೆ ಕೆಡಿಸಿ ಅವರ ನೆಲೆ ಕಸಿಯಹೊರಟವನು ತನ್ನ ನೆಲೆಯನ್ನೇ ಕಳೆದುಕೊಳ್ಳುತ್ತಾನೆ.